ಮೌಲ್ಯಮಾಪನದ ಅವಧಿಯೂ ಸಂಶೋಧನೆಯ ಅವಧಿಯೂ

ಆಫ್ರಿಕದ ಪ್ರಾದೇಶಿಕ ಕೃಷಿ ಸಂಶೋಧನಾ ಯೋಜನೆಗಳು ಬಹುಮಟ್ಟಿಗೆ ಹೊರಗಿನ ಧನಸಹಾಯವನ್ನು ಅವಲಂಬಿಸಿವೆ. ಆದುದರಿಂದ ಯೋಜನೆ ಮುಗಿಯುವ ಹೊತ್ತಿಗೆ ಸಲಹೆಗಾರರನ್ನು ನೇಮಿಸಿ ಅದರ ಫಲವನ್ನು ಅಳೆಯಿಸುವುದು ವಾಡಿಕೆಯಾಗಿದೆ. ಹಣದ ಲೆಕ್ಕ ಕೇಳುವುದು ನ್ಯಾಯವೇ. ಆದರೆ ಕೆಲವೇ ವಾರಗಳ ಸಂಚಾರ, ಸಂದರ್ಶನಗಳಿಂದ ಹೊರಡುವ ತೀರ್ಪು ಸಂಶೋಧನೆಗೆ ತಕ್ಕ ಅಳತೆಗೋಲೇ ಎಂಬುದು ನಮ್ಮ ಪ್ರಶ್ನೆ.

ಇತಿಹಾಸದ ಒಂದು ನಿದರ್ಶನವನ್ನು ನೋಡೋಣ. ಇಂದಿನ ಟಾಂಜಾನಿಯದ ಅಮಾನಿಯಲ್ಲಿ 1902ರಲ್ಲಿ ಜರ್ಮನರು ಸ್ಥಾಪಿಸಿದ ಸಂಶೋಧನಾಲಯವು ಮುಂದೆ ಬ್ರಿಟಿಷರ ಕಾಲದಲ್ಲಿ ಪೂರ್ವ ಆಫ್ರಿಕದ ಪ್ರಾದೇಶಿಕ ಕೇಂದ್ರವಾಯಿತು. 1930ರ ದಶಕದಲ್ಲಿ ಸ್ಟೋರಿ ಮತ್ತು ನಿಕಲ್ಸ್ ಅವರು ಅಲ್ಲಿ ಮರಗೆಣಸನ್ನು ಅದರ ಬಂಧುವಾದ ಸಿಯಾರಾ ರಬ್ಬರ್ ಮರದೊಡನೆ ಸಂಕರಿಸಿ, ಮೊಸಾಯಿಕ್ ರೋಗವನ್ನು ತಡೆಯಬಲ್ಲ ತಳಿಗಳನ್ನು ಅರಸಿದರು. ಆ ಸಂಕರದ ಬೀಜಗಳು 1950ರ ದಶಕದಲ್ಲಿ ನೈಜೀರಿಯದ ಇಬಾಡಾನನ್ನು ಸೇರಿದವು. ಅಲ್ಲಿ 1967ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯು 1970ರ ದಶಕದಲ್ಲಿ ಅದೇ ಸಂತತಿಯಿಂದ ರೋಗನಿರೋಧಕ ತಳಿಗಳನ್ನು ಪಡೆಯಿತು. ನಡುವೆ ಸುಮಾರು 40 ವರ್ಷಗಳು ಸಂದಿದ್ದವು. 1940ರಲ್ಲಿ ಪರೀಕ್ಷಕರು ಅಮಾನಿಗೆ ಬಂದಿದ್ದರೆ, ಈ ಫಲವು ಅವರ ಕೋಷ್ಟಕದಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ.

ಹಾಗೆಂದು ಮೌಲ್ಯಮಾಪನ ಬೇಡವೆಂದು ನಾವು ಹೇಳುವುದಿಲ್ಲ. ಪರೀಕ್ಷೆಗೊಳಗಾಗುವ ಸಂಸ್ಥೆಯೇ ಪರೀಕ್ಷಕರನ್ನು ಆರಿಸಬಾರದು. ಹಳೆಯ ದಾಖಲೆಗಳ ಅಧ್ಯಯನವು ನೇಮಕದ ನಿಬಂಧನೆಗಳಲ್ಲಿಯೇ ಸೇರಿರಬೇಕು. ಮುಗಿದ ಯೋಜನೆಯನ್ನು ಇಪ್ಪತ್ತು ವರ್ಷಗಳ ತರುವಾಯ ಮತ್ತೊಮ್ಮೆ ಪರಿಶೀಲಿಸಬೇಕು. ಇಲ್ಲವಾದರೆ ಬೇಗ ಫಲ ತೋರುವ ಕೆಲಸಕ್ಕೆ ಹಣವೂ, ನಿಧಾನವಾಗಿ ಬೇರೂರುವ ಕೆಲಸಕ್ಕೆ ಮುಕ್ತಾಯವೂ ದೊರೆಯುವುವು.