ಕುರಿಯ ಉಣ್ಣೆ, ಎರಡು ಕಡ್ಡಿ

ಓಬಳಾಪುರವೆಂದರೆ ಹೊರಗಿನವರಿಗೆ ನೆನಪಾಗುವುದು ಕಬ್ಬಿಣದ ಅದಿರು. ನನಗೆ ಮಾತ್ರ ಇದು ಕುರಿಗಳ ಸೀಮೆ. ರಾಯದುರ್ಗದಿಂದ ಕಲ್ಯಾಣದುರ್ಗ, ಚಳ್ಳಕೆರೆಯವರೆಗೆ ಹರಡಿದ ಈ ಒಣನೆಲದಲ್ಲಿ ದಕ್ಖನಿ ಕುರಿಯ ಕರಿ ಉಣ್ಣೆಯಿಂದ ಕುರುಬರು ತಲೆಮಾರುಗಳಿಂದ ಕಂಬಳಿ ನೇಯ್ದಿದ್ದಾರೆ. ಹೆಂಗಸರು ನೂಲು ತೆಗೆಯುತ್ತಾರೆ. ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು, ಒಣಗಿಸಿ, ಆಮೇಲೆ ಗುಂಡಿಮಗ್ಗಕ್ಕೆ ಏರಿಸುತ್ತಾರೆ. ಎಳೆಗೆ ಬಿಗಿ ಬರುವುದು ಆ ಗಂಜಿಯಿಂದಲೇ.

ಈ ಬೇಸಿಗೆ ಕಡ್ಡಿ ಹಿಡಿದು ಹೆಣಿಗೆ ಕಲಿಯುವಾಗ ನಾನು ಬಳಸಿದ್ದು ಅದೇ ನೂಲು. ಒರಟು, ಗಿಡ್ಡ ಎಳೆ, ಮೈಗೆ ಚುಚ್ಚುತ್ತದೆ. ಸ್ವೆಟರಿಗೆ ಒಗ್ಗದು. ಆದರೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ, ನೀರಿನ ಬಾಟಲಿಯ ಚೀಲಕ್ಕೆ, ಬಂಡೆಯ ಮೇಲೆ ಹಾಸಿಕೊಳ್ಳುವ ಪುಟ್ಟ ಆಸನಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಉಣ್ಣೆಗೆ ಬೆಂಕಿ ಬೇಗ ತಗಲುವುದಿಲ್ಲ, ಅಡುಗೆಮನೆಗೆ ಅದೇ ದೊಡ್ಡ ಗುಣ. ಸಾಲೆಲ್ಲ ಸೀದಾ ಕುಣಿಕೆಯಲ್ಲೇ ಹೆಣೆದರೆ ಅಂಚು ಸುರುಳಿಯಾಗದೆ ಚಪ್ಪಟೆಯಾಗಿ ನಿಲ್ಲುತ್ತದೆ. ಹೊಸಬರು ಇದರಿಂದಲೇ ಶುರುಮಾಡಬೇಕು.

ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆ, ರಾಯದುರ್ಗದ ಕೋಟೆಬೆಟ್ಟ ಹತ್ತಿ ನೆರಳಿನಲ್ಲಿ ಕೂತು ಹೆಣೆಯುವ ಸುಖವೇ ಬೇರೆ. ಕಣ್ಣು ಬಯಲಿನ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. ದಪ್ಪ ನೂಲಿನ ಕುಣಿಕೆ ಮುಟ್ಟಿದರೇ ತಿಳಿಯುತ್ತದೆ. ಕೆಳಗೆ ಕುರಿಮಂದೆ ಸಾಗುತ್ತಿದ್ದರೆ ಕೈಯಲ್ಲಿರುವ ಎಳೆ ಎಲ್ಲಿಯದೆಂದು ಕೇಳಬೇಕಿಲ್ಲ. ಗಿರಣಿಯ ನುಣುಪು ಉಲ್ಲನ್ ಅಂಗಡಿಯಲ್ಲಿ ಬೇಕಾದಷ್ಟಿದೆ. ಇಲ್ಲಿ ಹೆಣಿಗೆ ಕಲಿಯುವವರು ಮೊದಲು ಕಂಬಳಿ ನೇಯುವವರ ಮನೆಗೆ ಹೋಗಿ, ಚೌಕಾಸಿ ಮಾಡದೆ, ಕೈನೂಲಿನ ಉಂಡೆಯೊಂದನ್ನು ಕೊಳ್ಳಲಿ.