ತಲೆ ಬಿದ್ದ ಮೇಲೆ ಬರುವ ಕರುಣೆ

ಕಾರ್ಟೂನ್ ಎಂದರೆ ಮಕ್ಕಳ ಆಟ ಎಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ಜಪಾನಿನಲ್ಲಿ ಹಾಗಿಲ್ಲ. ಅಲ್ಲಿ ಚಿತ್ರಕಾರನ ಗೆರೆಗಳು ಸಾವು, ಯುದ್ಧ, ಹಸಿವು, ಪಶ್ಚಾತ್ತಾಪಗಳ ಬಗ್ಗೆಯೂ ಮಾತಾಡುತ್ತವೆ. 2020ರ ಅಕ್ಟೋಬರ್ 16ರಂದು ಜಪಾನಿನಲ್ಲಿ ತೆರೆಕಂಡ 'ಡೀಮನ್ ಸ್ಲೇಯರ್: ಮುಗೆನ್ ಟ್ರೈನ್' ಇದಕ್ಕೆ ಒಳ್ಳೆಯ ಉದಾಹರಣೆ. ಕೊರೋನಾದ ಭಯದಲ್ಲಿ ಜಗತ್ತಿನ ಹಲವು ಚಿತ್ರಮಂದಿರಗಳು ಬಾಗಿಲು ಮುಚ್ಚಿದ್ದಾಗ ಬಂದ ಈ ಚಿತ್ರ, 'ಸ್ಪಿರಿಟೆಡ್ ಅವೇ' 2001ರಿಂದ ಉಳಿಸಿಕೊಂಡು ಬಂದಿದ್ದ ಗಳಿಕೆಯ ದಾಖಲೆಯನ್ನು ಮುರಿಯಿತು. ಜಪಾನೊಂದರಲ್ಲೇ ಅದು 4,000 ಕೋಟಿ ಯೆನ್ ದಾಟಿತು. ಇದೇ ಕಥೆಯ ಕೊನೆಯ ಘಟ್ಟವನ್ನು ಹೇಳುವ 'ಇನ್ಫಿನಿಟಿ ಕ್ಯಾಸಲ್'ನ ಮೊದಲ ಭಾಗ 2025ರ ಜುಲೈ 18ರಂದು ಅಲ್ಲಿ ಬಿಡುಗಡೆಯಾಯಿತು. ಸೆಪ್ಟೆಂಬರ್ 12ರಂದು ಹಿಂದಿ, ತಮಿಳು, ತೆಲುಗು ಧ್ವನಿಯೊಂದಿಗೆ ಭಾರತಕ್ಕೂ ಬಂತು. ಎರಡನ್ನೂ ನಿರ್ದೇಶಿಸಿದವರು ಹರುವೊ ಸೊತೊಝಾಕಿ. ನಿರ್ಮಾಣ ಯುಫೋಟೇಬಲ್ ಸಂಸ್ಥೆಯದ್ದು.

ಕತ್ತಿ ಕಾಳಗದ ಈ ಚಿತ್ರಗಳನ್ನು ನಮ್ಮ ಮಕ್ಕಳು ನೋಡುತ್ತಿದ್ದಾರೆ. ಆದ್ದರಿಂದ ಇವು ಏನು ಹೇಳುತ್ತವೆ ಎಂದು ನಾವು ಕೇಳಿಕೊಳ್ಳುವುದು ಅಗತ್ಯ. ರಕ್ತ ಹರಿಯುತ್ತದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದೂ ಸರಿಯಲ್ಲ, ಬಣ್ಣ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವುದೂ ಸರಿಯಲ್ಲ.

ಕೊಯೊಹರು ಗೊತೊಗೆ ಅವರು 2016ರಿಂದ 2020ರವರೆಗೆ ಬರೆದ ಚಿತ್ರಕಥಾ ಮಾಲಿಕೆಯೇ ಇವುಗಳಿಗೆ ಮೂಲ. ಕಾಲ, ಜಪಾನಿನ ತೈಶೊ ಯುಗ, ಅಂದರೆ 1912ರಿಂದ 1926. ಇದ್ದಿಲು ಮಾರುವ ಬಡ ಹುಡುಗ ತಂಜಿರೊ ಒಂದು ದಿನ ಮನೆಗೆ ಮರಳಿದಾಗ ತಾಯಿ, ತಮ್ಮ ತಂಗಿಯರು ಹೆಣವಾಗಿ ಬಿದ್ದಿರುತ್ತಾರೆ. ಬದುಕುಳಿದ ತಂಗಿ ನೆಜುಕೊ ನರಭಕ್ಷಕ ರಾಕ್ಷಸಿಯಾಗಿ ಮಾರ್ಪಟ್ಟಿರುತ್ತಾಳೆ. ಅವಳನ್ನು ಮತ್ತೆ ಮನುಷ್ಯಳನ್ನಾಗಿಸಲು ಅವನು ರಾಕ್ಷಸರನ್ನು ಕೊಲ್ಲುವ ಪಡೆಗೆ ಸೇರುತ್ತಾನೆ. ಸರ್ಕಾರ ಒಪ್ಪದ ಪಡೆ ಅದು. ಜಪಾನಿನಲ್ಲಿ ಸಾಮಾನ್ಯರು ಕತ್ತಿ ಧರಿಸುವುದಕ್ಕೆ 1876ರಲ್ಲೇ ನಿಷೇಧ ಬಂದಿತ್ತು. ರೈಲು ಓಡುವ, ವಿದ್ಯುದ್ದೀಪ ಉರಿಯುವ ಕಾಲದಲ್ಲಿ ಇವರು ಕತ್ತಿಯನ್ನು ಬಚ್ಚಿಟ್ಟುಕೊಂಡು ತಿರುಗಬೇಕು.

'ಮುಗೆನ್ ಟ್ರೈನ್'ನ ರೈಲಿನಲ್ಲಿ ಕುಳಿತಿರುವ ಎನ್ಮು ಎಂಬ ರಾಕ್ಷಸನ ಆಯುಧ ಕನಸು. ಟಿಕೆಟಿನ ಶಾಯಿಯಲ್ಲಿ ಅವನ ರಕ್ತ ಬೆರೆತಿದೆ. ಟಿಕೆಟಿಗೆ ತೂತು ಬಿದ್ದೊಡನೆ ಪ್ರಯಾಣಿಕ ನಿದ್ದೆಗೆ ಜಾರಿ ತನಗೆ ಬೇಕಾದ ಕನಸು ಕಾಣುತ್ತಾನೆ. ತಂಜಿರೊನ ಕನಸಿನಲ್ಲಿ ಸತ್ತವರೆಲ್ಲ ಬದುಕಿದ್ದಾರೆ. ಅದು ಸುಳ್ಳೆಂದು ತಿಳಿದ ಮೇಲೆ ಅವನು ಅಳುತ್ತ ಹಿಮದಲ್ಲಿ ಓಡುತ್ತಾನೆ. ಹಿಂದಿನಿಂದ ಪುಟ್ಟ ತಮ್ಮ ಕರೆಯುತ್ತಾನೆ, ಅವನು ತಿರುಗುವುದಿಲ್ಲ. ಆತ್ಮೀಯರನ್ನು ಕಳಕೊಂಡ ಯಾರಿಗೂ ಈ ದೃಶ್ಯ ಸುಲಭವಲ್ಲ.

ಎನ್ಮುಗೆ ಸಹಾಯ ಮಾಡುವವರು ಮನುಷ್ಯರೇ. ಟಿಕೆಟು ನೋಡುವ ನೌಕರ ಹೆಂಡತಿ ಮಗಳನ್ನು ಕಳಕೊಂಡವನು, ಒಬ್ಬ ಯುವಕ ಕ್ಷಯರೋಗಿ. ಒಂದು ಸುಖದ ಕನಸಿಗಾಗಿ ಇವರು ಇತರರ ಪ್ರಾಣ ಒತ್ತೆ ಇಡುತ್ತಾರೆ. ಆ ರೋಗಿ ತಂಜಿರೊನ ಅಂತರಂಗಕ್ಕೆ ಇಳಿದು, ಅಲ್ಲಿಯ ಬೆಚ್ಚಗಿನ ಬೆಳಕಿಗೆ ಕಣ್ಣೀರಾಗಿ ಹಿಂದೆ ಸರಿಯುತ್ತಾನೆ. ರೈಲಿನ ಚಾಲಕ ತಂಜಿರೊನ ಹೊಟ್ಟೆಗೆ ಇರಿಯುತ್ತಾನೆ. ಇರಿಸಿಕೊಂಡವನೇ, ಅವನನ್ನು ಸಾಯಲು ಬಿಡಬೇಡ ಎಂದು ಗೆಳೆಯನಿಗೆ ಹೇಳುತ್ತಾನೆ. ಅಪರಾಧವನ್ನು ಕಂಡೂ ಅಪರಾಧಿಯ ನೋವನ್ನು ಮರೆಯದ ಈ ಗುಣ ಚಿತ್ರದ ದೊಡ್ಡ ಶಕ್ತಿ.

ಕೊನೆಯಲ್ಲಿ ಬರುವುದು ಬಲದ ಪ್ರಶ್ನೆ. ಅಕಾಜಾ ಎಂಬ ರಾಕ್ಷಸನಿಗೆ ದುರ್ಬಲರನ್ನು ಕಂಡರೆ ಹೇಸಿಗೆ. ತನ್ನಂತೆ ರಾಕ್ಷಸನಾದರೆ ಮುಪ್ಪಿಲ್ಲ, ಸಾವಿಲ್ಲ ಎಂದು ಯೋಧ ರೆಂಗೊಕುವನ್ನು ಕರೆಯುತ್ತಾನೆ. ರೆಂಗೊಕು ಒಪ್ಪುವುದಿಲ್ಲ. ಮುಪ್ಪು ಮತ್ತು ಸಾವು ಇರುವುದರಿಂದಲೇ ಮನುಷ್ಯ ಪ್ರೀತಿಗೆ ಅರ್ಹ ಎಂಬುದು ಅವನ ನಿಲುವು. ಹುಟ್ಟಿನಿಂದ ಬಂದ ಬಲ ದುರ್ಬಲರ ರಕ್ಷಣೆಗಾಗಿ ಎಂದು ತಾಯಿ ಅವನಿಗೆ ಕಲಿಸಿದ್ದಳು. ನಾವು ಇದನ್ನು ಅಮಾನತ್ ಎನ್ನುತ್ತೇವೆ. ಬಲ, ಹಣ, ವಿದ್ಯೆ ಯಾವುದೂ ನಮ್ಮ ಸ್ವಂತದ್ದಲ್ಲ, ನಮ್ಮ ಬಳಿ ಇರಿಸಲಾದ ಸೊತ್ತು. ರೆಂಗೊಕು ಸಾಯುತ್ತಾನೆ, ಆದರೆ ರೈಲಿನಲ್ಲಿದ್ದ ಇನ್ನೂರು ಪ್ರಯಾಣಿಕರಲ್ಲಿ ಒಬ್ಬರೂ ಸಾಯುವುದಿಲ್ಲ. ಎದುರಾಳಿಯನ್ನು ಕೆಡವಿದವನೇ ಗೆದ್ದವನು ಎಂಬ ಸಿನಿಮಾ ಲೆಕ್ಕವನ್ನು ಈ ಚಿತ್ರ ತಿರುಗಿಸಿ ಹಾಕುತ್ತದೆ. ಬೆಳಕು ಹರಿಯುವಾಗ ಕಾಡಿಗೆ ಓಡುವುದು ಬಲಶಾಲಿ ಅಕಾಜಾನೇ.

ಐದು ವರ್ಷಗಳ ನಂತರದ 'ಇನ್ಫಿನಿಟಿ ಕ್ಯಾಸಲ್' ಈ ಅಕಾಜಾನ ಕಥೆ ಹೇಳುತ್ತದೆ. ಅವನ ಹೆಸರು ಹಕುಜಿ. ಕಾಯಿಲೆಯ ತಂದೆಗೆ ಔಷಧ ತರಲು ಜೇಬುಗಳ್ಳನಾದ ಹುಡುಗ. ಛಡಿಯೇಟು ತಿಂದು, ಕೈಗೆ ಕಳ್ಳನ ಹಚ್ಚೆ ಹಾಕಿಸಿಕೊಂಡವನು. ಮಗ ತನಗಾಗಿ ಕದಿಯುವುದು ಬೇಡವೆಂದು ತಂದೆ ನೇಣು ಹಾಕಿಕೊಳ್ಳುತ್ತಾನೆ. ಮುಂದೆ ಒಬ್ಬ ಕುಸ್ತಿ ಗುರು ಅವನನ್ನು ಮನೆಗೆ ಕರೆತಂದು, ಕಾಯಿಲೆಯ ಮಗಳು ಕೊಯುಕಿಯ ಆರೈಕೆಗೆ ನಿಲ್ಲಿಸುತ್ತಾನೆ. ಮದುವೆಯೂ ನಿಶ್ಚಯವಾಗುತ್ತದೆ. ಅಷ್ಟರಲ್ಲಿ ನೆರೆಯ ಅಖಾಡದವರು ಬಾವಿಗೆ ವಿಷ ಹಾಕಿ ಗುರುವನ್ನೂ ಮಗಳನ್ನೂ ಕೊಲ್ಲುತ್ತಾರೆ. ಹಕುಜಿ ಬರಿಗೈಯಲ್ಲಿ 67 ಮಂದಿಯನ್ನು ಕೊಂದು ರಾಕ್ಷಸನ ಕೈಗೆ ಸಿಗುತ್ತಾನೆ. ಹೋರಾಡುವಾಗ ಅವನ ಕಾಲಡಿ ಮೂಡುವ ಹಿಮದ ಹರಳಿನ ಆಕಾರವನ್ನು ಮೊದಲ ಚಿತ್ರದಲ್ಲಿ ನಾವು ಅಲಂಕಾರವೆಂದುಕೊಳ್ಳುತ್ತೇವೆ. ಅದು ಕೊಯುಕಿ ಮುಡಿಯುತ್ತಿದ್ದ ಕೂದಲಕಡ್ಡಿಯ ಆಕಾರ. ಅವನು ಮರೆತದ್ದನ್ನು ಅವನ ಕಾಲು ಮರೆತಿಲ್ಲ. ದುರ್ಬಲರ ಮೇಲಿನ ಅವನ ಹೇಸಿಗೆ, ಯಾರನ್ನೂ ಉಳಿಸಿಕೊಳ್ಳಲಾಗದ ತನ್ನ ಮೇಲಿನ ಹೇಸಿಗೆಯೇ ಆಗಿತ್ತು.

ಇಲ್ಲಿಯೇ ನಮ್ಮ ತಕರಾರು ಇರುವುದು. ಈ ಕಥೆ ನಮಗೆ ತಿಳಿಯುವುದು ಅವನ ತಲೆ ಉರುಳಿದ ಮೇಲೆ. ತಲೆಯಿಲ್ಲದ ದೇಹ ಹೋರಾಟಕ್ಕೆ ನಿಂತಾಗ ನೆನಪು ಮರಳಿ, ಅವನು ತನ್ನ ಏಟನ್ನು ತನ್ನ ಮೇಲೆಯೇ ತಿರುಗಿಸಿಕೊಂಡು ಸಾಯುತ್ತಾನೆ. ದೃಶ್ಯ ಅಪೂರ್ವವಾಗಿದೆ, ನಿಜ. ಆದರೆ ಈ ಸರಣಿಯಲ್ಲಿ ರಾಕ್ಷಸನಿಗೆ ಪಶ್ಚಾತ್ತಾಪದ ಬಾಗಿಲು ತೆರೆಯುವುದು ಹೆಚ್ಚಾಗಿ ಕುತ್ತಿಗೆ ಕಡಿದ ಬಳಿಕವೇ. ಕೊಲ್ಲುವವರೆಗೆ ಅವನು ರಾಕ್ಷಸ, ಕೊಂದ ಮೇಲೆ ಪಾಪದ ಮನುಷ್ಯ. ಪ್ರೇಕ್ಷಕನಿಗೆ ಕಾಳಗದ ರೋಮಾಂಚನವೂ ದಕ್ಕುತ್ತದೆ, ಕಣ್ಣೀರಿನ ಪುಣ್ಯವೂ ದಕ್ಕುತ್ತದೆ. ಈ ಲಾಭದಲ್ಲಿ ನಮಗೆ ಅನುಮಾನವಿದೆ. ತೌಬಾ ಎಂಬುದು ಬದುಕಿರುವವನಿಗೆ ಸಿಗಬೇಕಾದ ಅವಕಾಶ.

ಬೇರೆ ದಾರಿ ಕಥೆಗೆ ಗೊತ್ತಿಲ್ಲವೆಂದಲ್ಲ. ನೆಜುಕೊ ರಾಕ್ಷಸಿಯಾಗಿಯೂ ಮನುಷ್ಯರನ್ನು ತಿನ್ನದೆ ಅವರನ್ನು ಕಾಯುತ್ತಾಳೆ. ತಾಮಯೊ ಎಂಬ ವೈದ್ಯೆ ರಾಕ್ಷಸಿಯಾಗಿದ್ದೂ ಮದ್ದು ಹುಡುಕುತ್ತಾಳೆ. ಆದರೆ ಇವರು ಅಪವಾದಗಳಾಗಿ ಉಳಿಯುತ್ತಾರೆ. ಅಣ್ಣ ಜಾಮೀನು ನಿಂತದ್ದರಿಂದ ನೆಜುಕೊ ಉಳಿದಳು. ಜಾಮೀನಿಗೆ ಯಾರೂ ಇಲ್ಲದವರ ಗತಿಯೇನು ಎಂದು ಚಿತ್ರ ಕೇಳುವುದಿಲ್ಲ.

ಇದನ್ನು ಬರೀ ಕಲ್ಪನೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಕಥೆ ನಡೆಯುವ ತೈಶೊ ಯುಗದಲ್ಲೇ, 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಪ್ರದೇಶವನ್ನು ಭಾರೀ ಭೂಕಂಪ ನಡುಗಿಸಿತು. ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆಂಬ ವದಂತಿ ಹಬ್ಬಿತು. ಕೊರಿಯಾ 1910ರಿಂದ ಜಪಾನಿನ ವಸಾಹತಾಗಿತ್ತು, ಅಲ್ಲಿಂದ ಬಂದವರು ಬಡ ಕೂಲಿಗಳು. ಊರಿನ ಕಾವಲು ಗುಂಪುಗಳು ಕತ್ತಿ, ಬಿದಿರಿನ ಈಟಿ ಹಿಡಿದು ಹೊರಟವು. ಪೊಲೀಸರು, ಸೈನಿಕರು ಕೂಡ ಕೈಜೋಡಿಸಿದರು. ಸಾವಿರಾರು ಕೊರಿಯನ್ನರ ಕೊಲೆಯಾಯಿತು. ಕೊಂದವರು ತಾವು ಊರನ್ನು ರಕ್ಷಿಸುತ್ತಿದ್ದೇವೆಂದೇ ನಂಬಿದ್ದರು. ಚಿತ್ರಕ್ಕೆ ಇದರ ನೆನಪಿಲ್ಲ. ತಂಜಿರೊನ ಕಿವಿಯಾಭರಣದಲ್ಲಿ ಉದಯಸೂರ್ಯನ ಬಾವುಟವನ್ನು ಹೋಲುವ ಚಿತ್ತಾರ ಕಂಡು ಕೊರಿಯಾದ ಜನ ಆಕ್ಷೇಪಿಸಿದರು, ಅಲ್ಲಿಗಾಗಿ ವಿನ್ಯಾಸವನ್ನು ಬದಲಿಸಲಾಯಿತು. ಒಂದು ನಾಡಿಗೆ ಬರೀ ಅಲಂಕಾರವಾದದ್ದು ಇನ್ನೊಂದಕ್ಕೆ ಗಾಯವಾಗಿರಬಹುದು.

ಮನುಷ್ಯರ ಒಂದು ಗುಂಪಿಗೆ ರಾಕ್ಷಸರೆಂದು ಹೆಸರಿಟ್ಟರೆ ಮುಂದಿನ ಕೆಲಸ ಸುಲಭ. ಆಗ ಪ್ರತ್ಯೇಕ ಪುರಾವೆ ಬೇಕಿಲ್ಲ, ವಿಚಾರಣೆಯೂ ಬೇಕಿಲ್ಲ. ವದಂತಿ ಸಾಕು. ಎಲ್ಲ ಕಾಲದಲ್ಲೂ, ಎಲ್ಲ ಸಮುದಾಯಗಳೂ ಈ ತಪ್ಪಿನ ಎರಡೂ ಬದಿಗಳಲ್ಲಿ ನಿಂತಿವೆ. ಈ ಚಿತ್ರಗಳ ಹೆಚ್ಚುಗಾರಿಕೆಯೆಂದರೆ ರಾಕ್ಷಸನಾದವನು ಮೊದಲು ಮಗನಾಗಿದ್ದ, ಹಸಿದಿದ್ದ, ಪ್ರೀತಿಸಿದ್ದ ಎಂದು ಎಳೆಯರಿಗೆ ತೋರಿಸುವುದು. ಕೊರತೆಯೆಂದರೆ ಅದನ್ನು ತಡವಾಗಿ ತೋರಿಸುವುದು.

ಜಪಾನಿನಲ್ಲಿ 'ಮುಗೆನ್ ಟ್ರೈನ್'ಗೆ ಹನ್ನೆರಡಕ್ಕಿಂತ ಕಿರಿಯರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕೆಂಬ ಪ್ರಮಾಣಪತ್ರವಿದೆ. ನಮ್ಮ ಮನೆಗಳಲ್ಲೂ ಅದು ಪಾಲನೆಯಾಗಲಿ. ದೊಡ್ಡ ಮಕ್ಕಳ ಜತೆ ತಾಯ್ತಂದೆಯರೂ ಕುಳಿತು ನೋಡಲಿ. ರೆಂಗೊಕು ಸತ್ತಾಗ ಅವರು ಅಳುವುದು ಸಹಜ. ಅಕಾಜಾನ ಹಿಂದಿನ ಕಥೆ ಮೊದಲೇ ಗೊತ್ತಿದ್ದರೆ ಏನು ಮಾಡಬಹುದಿತ್ತು, ಆ ಕಳ್ಳ ಹುಡುಗನ ತಂದೆಗೆ ಯಾರಾದರೂ ಔಷಧ ಕೊಡಿಸಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಅವರನ್ನು ಕೇಳಿ. ಅವರ ಉತ್ತರ ನಮಗಿಂತ ಚೆನ್ನಾಗಿರಲೂಬಹುದು.