ಬಿಸಿಲುನಾಡಿನ ತರಗತಿಯಲ್ಲಿ ಧ್ರುವಹಿಮದ ಪಾಠ

ಧ್ರುವಪ್ರದೇಶಗಳನ್ನು ಕುರಿತು ನಮ್ಮ ಪ್ರೌಢಶಾಲೆಗಳಲ್ಲಿ ರೂಢಿಗೆ ಬಂದಿರುವ ಬೋಧನಕ್ರಮವು, ಶೀತವಲಯದ ಅಕ್ಷಾಂಶಗಳನ್ನೂ ಪೆಂಗ್ವಿನ್, ಹಿಮಕರಡಿಗಳ ಹೆಸರನ್ನೂ ಬಾಯಿಪಾಠ ಮಾಡಿಸುವಷ್ಟರಿಂದಲೇ ಕೃತಾರ್ಥವಾಗುವುದರಿಂದ, ಆ ಹಿಮರಾಶಿಯು ಭೂಮಂಡಲದ ಶಾಖವ್ಯವಹಾರದಲ್ಲಿ ವಹಿಸತಕ್ಕ ಕಾರ್ಯವೇನೆಂಬ ಮೂಲಪ್ರಶ್ನೆಯು ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವುದೇ ಇಲ್ಲ. ಬಳ್ಳಾರಿಯ ಮಕ್ಕಳು ಹಿಮವನ್ನೇ ಕಾಣದವರು, ಅವರಿಗೆ ಇದಕ್ಕಿಂತ ಹೆಚ್ಚಿನದು ನಿಷ್ಪ್ರಯೋಜಕವೆಂದು ವಾದಿಸುವವರುಂಟು. ಆ ವಾದವನ್ನು ನಾನು ಒಪ್ಪಲಾರೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ಕ್ಕೂ ಮಿಗಿಲಾದ ಪಾಲನ್ನು ಹಿಂದಿರುಗಿಸಿದರೆ, ಹಿಮ ಕರಗಿ ಬಯಲಾದ ಕಡಲು ಹಿಂದಿರುಗಿಸುವುದು ಸುಮಾರು 6 ಪಾಲನ್ನು ಮಾತ್ರ. ಉಳಿದುದನ್ನು ಹೀರಿ ತಾನೂ ಕಾದು, ಅದು ಇನ್ನಷ್ಟು ಹಿಮವನ್ನು ಕರಗಿಸುತ್ತದೆ. ವೈಶಾಖದಲ್ಲಿ 40 ಡಿಗ್ರಿಯ ತಾಪವನ್ನುಂಡ ಮಕ್ಕಳಿಗೆ, ಕುರುಗೋಡಿನ ಯಾವುದಾದರೊಂದು ಬಂಡೆಯ ಅರ್ಧಕ್ಕೆ ಸುಣ್ಣ ಬಳಿಸಿ, ನಡುಹಗಲಿನಲ್ಲಿ ಎರಡೂ ಭಾಗಗಳಿಗೆ ಉಷ್ಣಮಾಪಕವನ್ನಿರಿಸಿ ತೋರಿಸಿದರೆ, ಈ ತತ್ತ್ವವು ಯಾವ ಚಿತ್ರಪಟಕ್ಕಿಂತಲೂ ಬೇಗ ವಿಶದವಾದೀತು.

ಅಂಟಾರ್ಕ್ಟಿಕದ ಭಾರತೀಯ ನೆಲೆಗಳ ವಿಷಯದಲ್ಲಿಯೂ ಇದೇ ಲೋಪ. ದಕ್ಷಿಣ ಗಂಗೋತ್ರಿ, ಮೈತ್ರಿ, ಭಾರತಿ ಎಂದು ಹೆಸರುಗಳನ್ನು ಬರೆಯಿಸುತ್ತೇವೆ. ಆದರೆ ಹಿಮಫಲಕದ ಮೇಲೆ ಕಟ್ಟಿದ ಮೊದಲನೆಯ ನೆಲೆಯು ಹಿಮದಲ್ಲಿಯೇ ಹೂತುಹೋಯಿತೆಂಬುದನ್ನೂ, ಆಮೇಲೆ ಮೈತ್ರಿಯನ್ನು ಷಿರ್ಮಾಕರ್ ಎಂಬ ಹಿಮರಹಿತ ಶಿಲಾಪ್ರದೇಶದಲ್ಲಿ ನಿಲ್ಲಿಸಿದರೆಂಬುದನ್ನೂ ಹೇಳದೆ ಬಿಟ್ಟರೆ, ಆ ಹೆಸರುಗಳಲ್ಲಿ ಕಲಿಯತಕ್ಕದ್ದೇನು ಉಳಿಯಿತು? ಕಲ್ಲುಗುಡ್ಡಗಳ ನಡುವೆ ಬೆಳೆದವರಿಗೆ ಬರಿಯ ಬಂಡೆಯ ಮೇಲಣ ಅಂಟಾರ್ಕ್ಟಿಕವು ಎಷ್ಟು ಆಶ್ಚರ್ಯವನ್ನುಂಟುಮಾಡಬಲ್ಲುದು!

ತೇಲುವ ಹಿಮ ಕರಗಿದರೆ ಕಡಲಮಟ್ಟ ಬಹುಮಟ್ಟಿಗೆ ಏರದು, ನೆಲದ ಮೇಲಣ ಹಿಮ ಕರಗಿದರೆ ಏರುವುದು. ಇದನ್ನು ತೋರಿಸುವ ಬಟ್ಟಲಿನ ಪ್ರಯೋಗವು ಈಗ ಅಲ್ಲಲ್ಲಿ ಪ್ರಚಾರದಲ್ಲಿರುವುದು ಸಂತೋಷದ ಸಂಗತಿ. ಉಪಾಧ್ಯಾಯರು ಉತ್ತರವನ್ನು ಮೊದಲೇ ಹೇಳಿಬಿಡದೆ, ಮಕ್ಕಳ ಊಹೆಯನ್ನು ಮೊದಲು ಬರೆಯಿಸುವುದು ಅವಶ್ಯ.

ಮೇಲೆ ಹೇಳಿದ ಲೋಪಗಳಿಗಿಂತ ಗಂಭೀರವಾದ ದೋಷವೊಂದುಂಟು. ಪಾಠವನ್ನು ಊರಿಗೆ ಹೊಂದಿಸುವ ಉತ್ಸಾಹದಲ್ಲಿ, 2009ರ ಅಕ್ಟೋಬರಿನಲ್ಲಿ ಸಿರುಗುಪ್ಪದ ಗದ್ದೆಗಳನ್ನು ಮುಳುಗಿಸಿದ ನೆರೆಯನ್ನು ಧ್ರುವಹಿಮದ ಕರಗುವಿಕೆಯ ನೇರ ಫಲವೆಂದು ಯಾರಾದರೂ ಬೋಧಿಸಿದರೆ, ಅದು ಅಸತ್ಯ. ಆ ನೆರೆಯನ್ನು ತಂದುದು ವಾಯುಭಾರದ ಕುಸಿತದಿಂದ ಉತ್ತರ ಕರ್ನಾಟಕದಲ್ಲೆಲ್ಲ ಸುರಿದ ಅಕಾಲಿಕ ಅತಿವೃಷ್ಟಿ. ಕಾದ ಗಾಳಿ ಹೆಚ್ಚು ತೇವವನ್ನು ಹಿಡಿದಿರಬಲ್ಲುದೆಂಬುದು ಭೌತಶಾಸ್ತ್ರ. ಒಂದು ನೆರೆಗೆ ಒಂದು ಹಿಮಗಡ್ಡೆಯನ್ನು ಗಂಟುಹಾಕುವುದು ಶಾಸ್ತ್ರವಲ್ಲ. ತುಂಗಭದ್ರಾ ಜಲಾಶಯಕ್ಕೆ ವರ್ಷವರ್ಷವೂ ಹರಿದು ಬಂದ ನೀರಿನ ಲೆಕ್ಕವನ್ನು ಮಕ್ಕಳ ಮುಂದಿರಿಸಿ, ಏರಿಳಿತಗಳನ್ನು ಅವರ ಕೈಯಿಂದಲೇ ರೇಖೆಯಾಗಿ ಬರೆಯಿಸಿದರೆ, ಹವಾಮಾನಕ್ಕೂ ವಾಯುಗುಣಕ್ಕೂ ಇರುವ ಅಂತರವನ್ನು ಅವರೇ ಕಂಡುಕೊಳ್ಳುವರು.